ಎರಡು ಸೀಟಿನ ಗುಮಾನಿ

ಟಿಕೆಟ್ ಕೌಂಟರಿನಲ್ಲಿ ಕೂರಲು ಹೊರಟ ಹುಡುಗ ಹುಡುಗಿಯರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ. "ಚಾಚಾ, ವಿಮಾನದ ಟಿಕೆಟ್ ಯಾವಾಗ ತೆಗೆದರೆ ಅಗ್ಗ?" ನನಗೆ ಗೊತ್ತಿಲ್ಲ. ಶಿರಸಿಯಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಟಿಕೆಟ್ ಮಾರಿ ಈಗ ಮನೆಯಲ್ಲಿ ಕೂತಿದ್ದೇನೆ, ಆದರೂ ಗೊತ್ತಿಲ್ಲ. ಗೊತ್ತಿದೆ ಎನ್ನುವವನು ಸಿಕ್ಕರೆ ಅವನ ಮುಖ ಸರಿಯಾಗಿ ನೋಡಿಕೊಳ್ಳಿ. ಒಂದೋ ಅವನು ಸುಳ್ಳು ಹೇಳುತ್ತಿದ್ದಾನೆ, ಇಲ್ಲವೇ ಅವನಿಗಿನ್ನೂ ಪೆಟ್ಟು ಬಿದ್ದಿಲ್ಲ.

ನನ್ನ ಹೆಸರು ಇಸ್ಮಾಯಿಲ್. ಪೇಟೆಯಲ್ಲಿ ಆ ಹೆಸರು ಹೇಳಿದರೆ ಯಾರಿಗೂ ಗುರುತು ಹತ್ತುವುದಿಲ್ಲ. ಗುಮಾನಿ ಸಾಬ್ರು ಎಂದರೆ ಮನೆಯ ಬಾಗಿಲವರೆಗೆ ಕರೆತಂದು ಬಿಡುತ್ತಾರೆ. ಯಾರ ಮಾತನ್ನೂ ಒಂದೇ ಸಲಕ್ಕೆ ನಂಬುವ ಜಾಯಮಾನ ನನ್ನದಲ್ಲ. ನಿಕಾಹ್ ದಿನ ಖಾಜಿಯವರು ಒಪ್ಪಿಗೆಯೇ ಎಂದು ಮೂರು ಸಲ ಕೇಳುವುದು ಶಾಸ್ತ್ರ. "ನಮ್ಮ ಮನೆಯವರು ಆಮೇಲೆ ಬಂದು ನಾಲ್ಕನೇ ಸಲ ಕೇಳಿದ್ರು" ಎಂದು ನನ್ನ ಹೆಂಡತಿ ಇವತ್ತಿಗೂ ನೆಂಟರ ಮುಂದೆ ಹೇಳಿ ನಗುತ್ತಾಳೆ. ನಾನು ಕೇಳಿದ್ದು ನಿಜ. ಗದ್ದಲದಲ್ಲಿ ಸರಿಯಾಗಿ ಕೇಳಿಸಿರಲಿಲ್ಲ.

ಕೆಲಸ ಕಲಿತದ್ದು ಕಾಮತ್ ಮಾಮನ ಹತ್ತಿರ. ಬಸ್ ಸ್ಟ್ಯಾಂಡಿನ ಎದುರು ಅವರದ್ದೊಂದು ಟ್ರಾವೆಲ್ಸ್ ಆಫೀಸು, ಒಂದು ಮೇಜು, ಒಂದು ಫೋನು, ಗೋಡೆಗೆ ಬಸ್ಸುಗಳ ವೇಳಾಪಟ್ಟಿ. ಸಿಟ್ಟಿನ ಮನುಷ್ಯ. ಪೆನ್ನಿನಲ್ಲಿ ಸೀಟು ಬರೆದರೆ ಕಿವಿ ಹಿಂಡುತ್ತಿದ್ದರು, ಪೆನ್ಸಿಲ್ಲಿನಲ್ಲೇ ಬರೆಯಬೇಕು. ನಾನು ಕೆಲಸಕ್ಕೆ ಸೇರಿದ ಮೊದಲ ವಾರವೇ ಒಂದು ಮಾತು ಹೇಳಿದ್ದರು.

"ಇಸ್ಮಾಯಿಲಾ, ದರ ಕೇಳಿದ ಕೂಡಲೇ ದರ ಹೇಳಬೇಡ. ಯಾಕೆ ಹೋಗ್ತಾನೆ, ಅದನ್ನ ಮೊದಲು ಕೇಳು. ಮದುವೆಗೆ ಹೋಗೋನಿಗೂ ಕೋರ್ಟಿಗೆ ಹೋಗೋನಿಗೂ ಒಂದೇ ಸೀಟು ಕೊಟ್ರೆ ನೀನು ಕತ್ತೆ."

ಮದುವೆಗೆ ಹೋಗುವವನು ಕೊನೆಗಳಿಗೆಯಲ್ಲಿ ಇನ್ನಿಬ್ಬರನ್ನು ಕೂಡಿಸಿಕೊಂಡು ಬರುತ್ತಾನೆ. ಕೋರ್ಟಿಗೆ ಹೋಗುವವನಿಗೆ ಬಸ್ಸು ಹತ್ತು ನಿಮಿಷ ತಡವಾದರೂ ಕೆಲಸ ಕೆಟ್ಟಿತು. ಈ ಮಾತನ್ನು ನಾನು ಬಹುಕಾಲ ಪಾಲಿಸಿದೆ. ಒಂದೇ ಒಂದು ಸಲ ಬಿಟ್ಟೆ. ಆ ಸಲದ ಕಥೆ ಹೇಳುವುದಕ್ಕೇ ಇದನ್ನೆಲ್ಲ ಬರೆಯುತ್ತಿರುವುದು.

ಅದಕ್ಕೂ ಮೊದಲು ತ್ಯಾಗಲಿ ಗಣಪತಿ ಹೆಗಡೆಯವರ ವಿಷಯ ಹೇಳಬೇಕು. ಸಿದ್ದಾಪುರದಲ್ಲಿ ಅವರದ್ದು ನಮ್ಮ ಹಾಗೇ ಒಂದು ಕೌಂಟರು. ಶಿರಸಿಯಿಂದ ಸಿದ್ದಾಪುರದ ಮೇಲೆ ಬೆಂಗಳೂರಿಗೆ ಹೋಗುವ ಬಸ್ಸೊಂದರ ಸೀಟನ್ನು ನಾವಿಬ್ಬರೂ ಮಾರುತ್ತಿದ್ದೆವು. ಸಂಜೆ ಫೋನಿನಲ್ಲಿ ಚಾರ್ಟು ತಾಳೆ ಹಾಕುವುದು, ಅವರು ಅವರ ಸೀಟು ಓದುವುದು, ನಾನು ನನ್ನದು ಓದುವುದು. ಒಂದು ದಿನ ಹೊಸದಾಗಿ ಮದುವೆಯಾದ ಗಂಡ ಹೆಂಡತಿಗೆ ಸಿದ್ದಾಪುರದಲ್ಲಿ ಹತ್ತುವಂತೆ ಎರಡು ಸೀಟು ಕೊಟ್ಟಿದ್ದೆ. ಅವರು ಹತ್ತಿದರೆ ಆ ಸೀಟಿನಲ್ಲಿ ಹೆಗಡೆಯವರ ಚೀಟಿ ಹಿಡಿದ ಬೇರೆ ಇಬ್ಬರು. ಪಾಪ, ಸಾಗರದವರೆಗೆ ನಿಂತುಕೊಂಡು ಹೋದರು. ಮರುದಿನ ಆ ಹುಡುಗನ ಅಪ್ಪ ಬಂದು ಹತ್ತು ಜನರ ಮುಂದೆ ನನ್ನ ಮರ್ಯಾದೆ ತೆಗೆದ.

ನಾನು ಸಿದ್ದಾಪುರಕ್ಕೆ ಫೋನ್ ಮಾಡಿದೆ. "ಚಾರ್ಟಲ್ಲಿ ಖಾಲಿ ಇತ್ತು ಸಾಬ್ರೇ" ಎಂದರು ಹೆಗಡೆ. "ಕಳ್ಳ" ಎಂದು ಹೇಳಿ ಫೋನ್ ಇಟ್ಟೆ. ಅವತ್ತಿನಿಂದ ಇಪ್ಪತ್ತು ವರ್ಷ ನಾವು ಮಾತಾಡಲಿಲ್ಲ. ಚಾರ್ಟು ತಾಳೆ ಹಾಕುವುದಕ್ಕೆ ಕಾಮತ್ ಮಾಮನೇ ಫೋನ್ ಹಿಡಿಯತೊಡಗಿದರು, ಆಮೇಲೆ ಕಂಪ್ಯೂಟರ್ ಬಂತು.

ಕಂಪ್ಯೂಟರ್ ಬಂದ ಬೆನ್ನಿಗೇ ಅಗ್ಗದ ವಿಮಾನವೂ ಬಂತು. ಅಷ್ಟರಲ್ಲಿ ಮಾಮ ವಯಸ್ಸಾಗಿ ಆಫೀಸನ್ನು ನನ್ನ ಕೈಗೆ ಬಿಟ್ಟಿದ್ದರು. ಒಂದು ಬೆಳಿಗ್ಗೆ ಹುಲಗೋಳದ ನಾರಾಯಣ ಭಟ್ಟರು ಪೇಪರಿನ ತುಂಡು ಹಿಡಿದುಕೊಂಡು ಬಂದರು. ದೆಹಲಿಗೆ ತೊಂಬತ್ತೊಂಬತ್ತು ರೂಪಾಯಿ ಎಂದು ಅದರಲ್ಲಿ ದಪ್ಪಗೆ ಅಚ್ಚಾಗಿತ್ತು. ಭಟ್ಟರು ನೂರರ ನೋಟು ಮೇಜಿನ ಮೇಲಿಟ್ಟು, "ಒಂದ್ ರೂಪಾಯಿ ಚಿಲ್ಲರೆ ಇದ್ದರೆ ಕೊಡಿ, ಇಲ್ಲದಿದ್ರೆ ನಾಳೆ ಬರುವಾಗ ಇಸ್ಕಳ್ತೆ" ಎಂದರು. ನಾನು ಕನ್ನಡಕ ಹಾಕಿ ಆ ತುಂಡಿನ ಬುಡದಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿದ್ದುದನ್ನು ಓದಿ ಹೇಳಿದೆ. ತೆರಿಗೆ ಬೇರೆ, ಇಂಧನದ್ದು ಬೇರೆ, ನಿಲ್ದಾಣದ ಶುಲ್ಕ ಬೇರೆ. ಎಲ್ಲ ಸೇರಿ ಮೂರು ಸಾವಿರದ ಮೇಲೆ ಹೋಯಿತು. ಭಟ್ಟರು ನೋಟನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡು, "ಹಾಗಾದ್ರೆ ಈ ತೊಂಬತ್ತೊಂಬತ್ತು ಎಂತಕ್ಕೆ, ವಿಮಾನ ನೋಡೂಕನಾ?" ಎಂದು ಕೇಳಿದರು. ಅಂದಿನಿಂದ ಜಾಹೀರಾತನ್ನು ನಾನು ಬುಡದಿಂದ ಮೇಲಕ್ಕೆ ಓದುತ್ತೇನೆ. ನೀವೂ ಹಾಗೇ ಓದಿ.

ಆಮೇಲೆ ನನಗೆ ಇನ್ನೊಂದು ಗುಮಾನಿ ಹಿಡಿಯಿತು. ಒಂದೇ ಟಿಕೆಟ್ಟಿನ ದರವನ್ನು ಮತ್ತೆ ಮತ್ತೆ ನೋಡಿದರೆ ಇವನಿಗೆ ಬೇಕೇಬೇಕು ಎಂದು ತಿಳಿದು ದರ ಏರಿಸುತ್ತಾರೆ ಎಂದು. ಅದಕ್ಕಾಗಿ ನಾನು ನನ್ನ ಕಂಪ್ಯೂಟರಿನಲ್ಲಿ ಒಮ್ಮೆ ನೋಡುವುದು, ಎದ್ದು ಪಕ್ಕದ ಝೆರಾಕ್ಸ್ ಅಂಗಡಿಗೆ ಹೋಗಿ ಅಲ್ಲಿ ಒಮ್ಮೆ ನೋಡುವುದು. ಎರಡು ಕಡೆ ಬೇರೆ ಬೇರೆ ದರ ಕಂಡರೆ "ನೋಡಿದ್ಯಾ, ಸಿಕ್ಕಿಬಿದ್ದರು" ಎನ್ನುತ್ತಿದ್ದೆ. ಒಂದೇ ದರ ಕಂಡರೆ ಇಲ್ಲೂ ನನ್ನ ಗುರುತು ಹಿಡಿದಿದ್ದಾರೆ ಎಂದುಕೊಳ್ಳುತ್ತಿದ್ದೆ. ಕಾಮಾಲೆ ಕಣ್ಣಿನವನಿಗೆ ಏನು ತೋರಿಸಿದರೇನು. ವರ್ಷಗಟ್ಟಲೆ ಹೀಗೆ ಓಡಾಡಿ ನನಗೆ ಗೊತ್ತಾದದ್ದು ಝೆರಾಕ್ಸಿನವನ ಮನೆ ಸುದ್ದಿ ಮಾತ್ರ.

ದರದ ಕೆಳಗೆ ಕೆಂಪಕ್ಷರದಲ್ಲಿ "ಎರಡೇ ಸೀಟು ಬಾಕಿ" ಎಂದು ಬರುತ್ತದಲ್ಲ, ಅದನ್ನು ಮೀನು ಮಾರುವವರ "ಇದೊಂದೇ ಪಾಲು ಉಳಿದದ್ದು" ಎಂಬ ಮಾತಿನ ಹಾಗೆ ತಿಳಿಯಿರಿ. ಕೆಲವು ಸಲ ಸುಳ್ಳು. ಕೆಲವು ಸಲ ನಿಜವಾಗಿಯೂ ಒಂದೇ ಪಾಲು. ಯಾವಾಗ ಯಾವುದು ಎಂದು ಹೇಳಲು ನನ್ನಿಂದ ಆಗಿಲ್ಲ.

ಅಡಿಕೆ ವ್ಯಾಪಾರದಲ್ಲಿ ಪಳಗಿದ ಒಬ್ಬರು ಗಿರಾಕಿ ಇದ್ದರು. ಮಾಲು ಹಿಡಿದಿಟ್ಟು ಕಾದು, ದರ ನೋಡಿ ಬಿಡುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಅಹಮದಾಬಾದಿಗೆ ಟಿಕೆಟ್ ಬೇಕು ಎಂದು ಬಂದರು. ನಾನು ಹೇಳಿದ ದರ ಕೇಳಿ, "ಇವತ್ತು ಬೇಡ, ಮಾರುಕಟ್ಟೆ ಇನ್ನೂ ಕುದುರಿಲ್ಲ" ಎಂದು ಎದ್ದರು. ವಾರಕ್ಕೊಮ್ಮೆ ಬಂದು ದರ ಕೇಳುವುದು, ತಲೆ ಅಲ್ಲಾಡಿಸುವುದು. ಮಾರುವವನು ಕಾದರೆ ಲಾಭವಿರಬಹುದು, ಕೊಳ್ಳುವವನು ಕಾದರೆ ಏನಾಗುತ್ತದೆ ಎಂದು ಅವರಿಗೆ ಹೊಳೆಯಲೇ ಇಲ್ಲ. ನಾನೂ ಹೇಳಲಿಲ್ಲ, ದೊಡ್ಡ ವ್ಯಾಪಾರಿ, ಅವರಿಗೆ ನನಗಿಂತ ಗೊತ್ತಿರಬೇಕು ಎಂದುಕೊಂಡೆ. ಕೊನೆಗೆ ಒಂದೂವರೆ ದಿನ ರೈಲಿನಲ್ಲಿ ಕೂತು ಹೋದರು.

ಕಸುಬಿನ ಒಂದು ಗುಟ್ಟು ಮಾತ್ರ ಗ್ಯಾರಂಟಿಯಾಗಿ ಹೇಳಬಲ್ಲೆ, ಅದನ್ನು ಕಲಿತದ್ದೂ ಪೆಟ್ಟು ತಿಂದೇ. ಒಂದು ವಿಮಾನದಲ್ಲಿ ಅಗ್ಗದ ಸೀಟು ಕೆಲವೇ ಇರುತ್ತವೆ. ಅವು ಮುಗಿದರೆ ಮುಂದಿನ ಮೆಟ್ಟಿಲಿನ ದರ. ಅಗ್ಗದ್ದು ಐದೇ ಉಳಿದಿರುವಾಗ ನೀವು ಒಟ್ಟಿಗೆ ಆರು ಕೇಳಿದಿರೋ, ಆರಕ್ಕೂ ಮೇಲಿನ ದರವನ್ನೇ ತೋರಿಸುತ್ತದೆ. ಐದು ಬೇರೆ, ಒಂದು ಬೇರೆ ಎಂದು ಒಡೆದು ಕೇಳಬೇಕು. ಇದು ಗೊತ್ತಿಲ್ಲದೆ ಮದುವೆಗೆ ಹೊರಟ ಒಂದು ಕುಟುಂಬಕ್ಕೆ ಆರು ಟಿಕೆಟ್ ಒಟ್ಟಿಗೆ ತೆಗೆದುಕೊಟ್ಟೆ. ಅವರ ಮಗಳು ಮೊಬೈಲಿನಲ್ಲಿ ಒಂದೊಂದೇ ತೆರೆದು ನೋಡಿ ನನ್ನ ಮುಖಕ್ಕೆ ಹಿಡಿದಳು. ಇನ್ನೊಂದು, ಹೆಸರು ತುಂಬಿ ಹಣ ಕಟ್ಟುವ ಪುಟಕ್ಕೆ ಹೋದರೆ ಆ ಸೀಟು ಹದಿನೈದು ನಿಮಿಷದ ಮಟ್ಟಿಗೆ ನಿಮ್ಮ ಕೈಯಲ್ಲಿ ನಿಲ್ಲುತ್ತದೆ. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತಾರಲ್ಲ, ಹಾಗೆ. ಅಷ್ಟರೊಳಗೆ ಒತ್ತಿದರೆ ನಿಮ್ಮದು. ಇಲ್ಲದಿದ್ದರೆ ಟವೆಲ್ ಹಾರಿಹೋಯಿತು, ಸೀಟು ಯಾರಿಗೆ ಬೇಕಾದರೂ ಸಿಗಬಹುದು. ಈ ಎರಡು ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಾನು ಕೌಂಟರ್ ಮುಚ್ಚುವುದಕ್ಕೆ ಒಂದು ವರ್ಷ ಇರುವಾಗ ಯಲ್ಲಾಪುರದ ಕಡೆಯ ಸಹಕಾರಿ ಸಂಘವೊಂದರಿಂದ ಪತ್ರ ಬಂತು. ಹುಬ್ಬಳ್ಳಿಯಿಂದ ಗುವಾಹಟಿಗೆ ಹನ್ನೊಂದು ಜನ, ಹೋಗುವುದು ಮಾತ್ರ ವಿಮಾನ, ಹೆಸರಿನ ಪಟ್ಟಿ ಲಗತ್ತಿಸಿದೆ, ದರ ತಿಳಿಸುವುದು. ಪಟ್ಟಿಯಲ್ಲಿದ್ದವರೆಲ್ಲ ಹೆಣ್ಣುಮಕ್ಕಳು, ಹತ್ತು ಹೆಸರಿನ ಮುಂದೆ ವಯಸ್ಸು ಹದಿನಾಲ್ಕು, ಹದಿನೈದು ಎಂದಿತ್ತು. ಯಾಕೆ ಹೋಗುತ್ತಾರೆ ಎಂದು ನಾನು ಕೇಳಲಿಲ್ಲ. ಪತ್ರದಲ್ಲಿ ಸೀಲು ಇತ್ತು, ಸಹಿ ಇತ್ತು. ಕಾಗದದ ಮೇಲೆ ಸೀಲು ಕಂಡರೆ ನನ್ನಂಥವನ ಗುಮಾನಿಯೂ ಮಲಗಿಬಿಡುತ್ತದೆ.

ಸಂಘದ ಕಾರ್ಯದರ್ಶಿಗಳು ಬುಧವಾರ ಬೆಳಿಗ್ಗೆ ಫೋನ್ ಮಾಡಿದರು. "ಹನ್ನೆರಡರ ಒಳಗೆ ದರ ಬರೆದು ಮೊಬೈಲಿಗೆ ಹಾಕಿ. ಹನ್ನೆರಡಕ್ಕೆ ರಾಹುಕಾಲ ಬರ್ತದೆ, ಆಮೇಲೆ ನಾನು ಏನೂ ಫೈನಲ್ ಮಾಡುದಿಲ್ಲ."

ಹನ್ನೊಂದು ಗಂಟೆಗೆ ಕೂತೆ. ನನ್ನ ಪುಣ್ಯಕ್ಕೆ ಅವತ್ತು ರಿಯಾಯಿತಿ ದರ ಇತ್ತು, ಅಷ್ಟು ದೂರಕ್ಕೆ ಅಷ್ಟು ಕಡಿಮೆಗೆ ನಾನು ಎಂದೂ ಕಂಡಿರಲಿಲ್ಲ. ಒಂದು ಸಲಕ್ಕೆ ಒಂಬತ್ತು ಜನಕ್ಕಿಂತ ಹೆಚ್ಚು ತೆಗೆಯಲು ಬಿಡುವುದಿಲ್ಲ. ಹಾಗಾಗಿ ಪಟ್ಟಿಯ ಮೊದಲ ಒಂಬತ್ತು ಒಂದು ಪುಟ, ಕೊನೆಯ ಎರಡು ಇನ್ನೊಂದು ಪುಟ ಎಂದು ಹಿಡಿದಿಟ್ಟು ದರ ಕಳಿಸಿದೆ. ಹದಿನೈದು ನಿಮಿಷ ಕಳೆದು ಪುಟ ಮುಚ್ಚಿತು. ಮತ್ತೆ ತೆರೆದರೆ ದರ ಹೆಚ್ಚುಕಡಿಮೆ ದುಪ್ಪಟ್ಟು. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಮತ್ತೆ ಅಗ್ಗ, ಹಿಡಿದೆ. ಮತ್ತೆ ಹೋಯಿತು. ಹೀಗೆ ಎರಡು ಸಲ ಆಯಿತು. ಇದು ಯಂತ್ರದ ಆಟವಲ್ಲ, ಆ ಕಡೆಯಲ್ಲಿ ಯಾವನೋ ಮನುಷ್ಯ ಕೂತು ನನ್ನ ಹಾಗೇ ಟವೆಲ್ ಹಾಕುತ್ತಿದ್ದಾನೆ ಎಂದು ನನಗೆ ಖಾತ್ರಿಯಾಯಿತು. ಯಾರಿರಬಹುದು ಎಂದು ಯೋಚಿಸುವಾಗ ನನ್ನ ಮನಸ್ಸು ನೆಟ್ಟಗೆ ಸಿದ್ದಾಪುರಕ್ಕೆ ಹೋಯಿತು.

ಮೂರನೇ ಸಲ ಹಿಡಿಯುವಾಗ ಎರಡು ಸೀಟಿನ ಪುಟಕ್ಕೆ ಮಾತ್ರ ಅಗ್ಗದ ದರ ಸಿಕ್ಕಿತು. ಒಂಬತ್ತರದ್ದು ಸಿಗಲಿಲ್ಲ. ಅಷ್ಟರಲ್ಲಿ ಹೆಗಲಿಗೆ ಚೀಲ ಹಾಕಿಕೊಂಡ ಹೆಂಗಸೊಬ್ಬರು ಒಳಗೆ ಬಂದು ನನ್ನ ಎದುರಿನ ಕುರ್ಚಿಯಲ್ಲಿ ಕೂತರು. ಹೆಸರು ಸುಮಂಗಲಾ, ಕಿರವತ್ತಿ ಹತ್ತಿರದ ಹೈಸ್ಕೂಲೊಂದರ ಪಿ.ಟಿ. ಟೀಚರ್, ತವರು ಬನವಾಸಿ ಕಡೆ. ಪಟ್ಟಿಯ ಮೊದಲ ಹೆಸರು, ದೊಡ್ಡವರದ್ದು, ಅವರದೇ, ಮಕ್ಕಳ ಬಟ್ಟೆ ತರಲು ಶಿರಸಿಗೆ ಬಂದಿದ್ದರು.

"ಸರ, ಕಾರ್ಯದರ್ಶಿಗಳು ಫೋನ್ ಮಾಡಿದ್ರು. ನೀವು ಮತ್ತ ಸಿದ್ದಾಪುರದ ಹೆಗಡೇರು ಒಂದ ದರ ಹೇಳೀರಂತ, ಅದ ಕಡಿಮಿ ಅಂತ. ಆದ್ರ ಯಲ್ಲಾಪುರದ ಅಂಗಡಿಯಾಂವ ಅದು ಸಿಗಂಗಿಲ್ಲ, ಡಬಲ್ ಆಗೇತಿ ಅನ್ನಾಕತ್ತಾನ. ಯಾವುದು ಖರೇರಿ?"

"ಮೂರು ಕಡೆ ಕೇಳಿದ್ದಾರಾ?"

"ಸಂಘದ ರೂಲ್ ಐತಲ್ರಿ, ಮೂರು ಕೊಟೇಶನ್ ಬೇಕ ಬೇಕಂತ. ಕುರ್ಚಿ ತಗೊಂಡ್ರೂ ಮೂರು, ಟಿಕೆಟ್ ತಗೊಂಡ್ರೂ ಮೂರು."

ನನಗೆ ಆಗ ಎಲ್ಲ ಅರ್ಥವಾಯಿತು. ಕುರ್ಚಿಗೆ ಮೂರು ಕಡೆ ದರ ಕೇಳಿದರೆ ಕುರ್ಚಿಯ ದರ ಇಳಿಯುತ್ತದೆ. ವಿಮಾನದ ಸೀಟಿಗೆ ಮೂರು ಕಡೆ ಕೇಳಿದರೆ ಮೂವರು ಏಜೆಂಟರು ಅವೇ ಹನ್ನೊಂದು ಹೆಸರು ತುಂಬಿ, ಅವೇ ಸೀಟಿಗೆ ಟವೆಲ್ ಹಾಕುತ್ತಾರೆ. ಒಬ್ಬ ಹಿಡಿದಾಗ ಇನ್ನಿಬ್ಬರಿಗೆ ದುಪ್ಪಟ್ಟು ಕಾಣುತ್ತದೆ. ಅದರ ಮೇಲೆ ಕಾರ್ಯದರ್ಶಿಗಳು ರಾಹುಕಾಲದ ಹೆದರಿಕೆ ಹಾಕಿ ಮೂವರನ್ನೂ ಒಂದೇ ಗಂಟೆಯಲ್ಲಿ ಕೂರಿಸಿದ್ದರು. ಬೇರೆ ಯಾವ ಊರಿನವರೂ ಇಷ್ಟು ಶಿಸ್ತಾಗಿ ತಮ್ಮ ಕಾಲಿನ ಮೇಲೆ ತಾವೇ ಕಲ್ಲು ಹಾಕಿಕೊಳ್ಳಲಾರರು.

ತಡವಾಗಿಯಾದರೂ ಕಾಮತ್ ಮಾಮನ ಪ್ರಶ್ನೆ ಕೇಳಿದೆ. "ಟೀಚರ್, ನೀವು ಯಾಕೆ ಹೋಗ್ತಿದ್ದೀರಿ?"

"ಹಗ್ಗಜಗ್ಗಾಟರಿ ಸರ. ರಾಜ್ಯದಾಗ ಗೆದ್ದು ಬಂದೀವಿ. ಪರೀಕ್ಷೆ ಮುಗದ ಮರುದಿನ ಅಲ್ಲಿರಬೇಕು, ಅದಕ್ಕ ರೈಲು ಆಗಂಗಿಲ್ಲ. ಎಂಟು ಹುಡುಗ್ಯಾರು ಹಗ್ಗ ಹಿಡೀತಾರ, ಇಬ್ಬರು ಹೆಚ್ಚಿಗೆ. ಖರ್ಚು ಕೊಡೋ ಸಂಘದವರು ಕಡಿಮಿ ದರದ ಮ್ಯಾಲೆ ಒಂದ್ ರೂಪಾಯಿ ಹೆಚ್ಚಿಗೆ ಕೊಡಂಗಿಲ್ಲ. ಸೀಟು ಕಡಿಮಿ ಬಿದ್ರ ಆ ಇಬ್ಬರನ್ನ ಬಿಡಬೇಕಾಗ್ತೈತಿ." ಸ್ವಲ್ಪ ತಡೆದು, "ಕೊನೀ ಹೆಸರು ರೇಷ್ಮಾ ಅಂತ ಐತಲ್ರಿ, ಅವರವ್ವ ಕಿರವತ್ತಿ ಢಾಬಾದಾಗ ರೊಟ್ಟಿ ಮಾಡ್ತಾಳ. ಲಾರಿ ಟೈರಿಗೆ ಹಗ್ಗ ಕಟ್ಟಿ ಎಳದೆಳದು ಕಲ್ತ ಹುಡುಗಿ ಅದು. ವಿಮಾನದಾಗ ಹೊಂಟೀನಿ ಅಂತ ಊಟಕ್ಕ ಇಳಿಯೋ ಡ್ರೈವರ್‌ಗಳಿಗೆಲ್ಲ ಹೇಳಿಬಿಟ್ಟಾಳ. ಆಕಿಗೆ ಬ್ಯಾಡ ಅಂತ ನಾ ಹೆಂಗ ಹೇಳಲಿ?" ಎಂದರು.

ನನ್ನ ಕಂಪ್ಯೂಟರಿನಲ್ಲಿ ಹಿಡಿದಿಟ್ಟ ಎರಡು ಹೆಸರೂ ಅವೇ. ಪಟ್ಟಿಯ ಕೊನೆಯ ಎರಡು. ಆ ಪುಟದ ಗಡಿಯಾರದಲ್ಲಿ ಹನ್ನೊಂದು ನಿಮಿಷ ಉಳಿದಿತ್ತು. ಕಾರ್ಯದರ್ಶಿಗಳಿಗೆ ಫೋನ್ ಮಾಡಿದೆ. ಹೇಳಿದ ದರಕ್ಕೆ ಸಿಗುವುದಾದರೆ ನೀವಾಗಲಿ ಹೆಗಡೆಯವರಾಗಲಿ ಯಾರು ಬೇಕಾದರೂ ತೆಗೆಯಿರಿ, ಬಿಲ್ಲು ಒಂದೇ ಇರಲಿ ಎಂದರು. ಯಲ್ಲಾಪುರದವನು ಆಗಲೇ ಕೈಬಿಟ್ಟಿದ್ದ. ಉಳಿದದ್ದು ಸಿದ್ದಾಪುರ. ಇಪ್ಪತ್ತು ವರ್ಷದ ಮೇಲೆ ಆ ನಂಬರ್ ಒತ್ತಿದೆ.

"ಯಾರು, ಸಾಬ್ರಾ?" ಎಂದರು ಹೆಗಡೆ. ದನಿ ಸ್ವಲ್ಪ ಮುದಿಯಾಗಿತ್ತು.

"ಗುವಾಹಟಿ. ಹನ್ನೊಂದು ಜನ. ನಿಮ್ಮ ಹತ್ತಿರ ಎಷ್ಟಿದೆ?"

"ಒಂಬತ್ತು ಹಿಡಿದು ಕೂತಿದ್ದೆ. ಎರಡು ಎಷ್ಟು ಮಾಡಿದ್ರೂ ಸಿಗ್ತಾ ಇಲ್ಲೆ. ನಿಮ್ಮ ಹತ್ರ ಉಂಟನಾ?"

"ಉಂಟು."

"ಹಾಗಾದ್ರೆ ಎಂತ ನೋಡ್ತ್ರಿ? ನೀವು ಎರಡು ಒತ್ತಿ, ನಾನು ಒಂಬತ್ತು ಒತ್ತುತ್ತೆ. ಬಿಲ್ಲು ಯಾರ ಹೆಸರಿಗಾದ್ರೂ ಆಗ್ಲಿ."

ಅಷ್ಟು ಸಲೀಸಾಗಿ ಹೇಳಿದ್ದೇ ನನಗೆ ಅನುಮಾನ ಹುಟ್ಟಿಸಿತು. ಅಗ್ಗದ ಟಿಕೆಟ್ಟಿಗೆ ಹಣ ವಾಪಸ್ಸಿಲ್ಲ, ಹೆಸರು ಬದಲಿಸಲು ಬರುವುದಿಲ್ಲ. ನಾನು ಎರಡು ಒತ್ತಿದ ಮೇಲೆ ಇವರು ಒಂಬತ್ತು ಒತ್ತದಿದ್ದರೆ ನನ್ನ ಗತಿ ಏನು? ಬಸ್ಸಿನ ಸೀಟಿನಲ್ಲಿ ಕೈಕೊಟ್ಟವರು ಇದರಲ್ಲಿ ಕೊಡಲಾರರೇ? "ಮೊದಲು ನೀವು ಒತ್ತಿ" ಎಂದೆ.

"ಅಡ್ಡಿಲ್ಲೆ" ಎಂದರು ಹೆಗಡೆ. ಎರಡು ನಿಮಿಷಕ್ಕೆ, "ಆಯ್ತು, ಒಂಬತ್ತೂ ಆಯ್ತು. ಇನ್ನು ನೀವು ಒತ್ತಿ" ಎಂದರು.

ನಾನು ಒತ್ತಿದೆನೇ? ಇಲ್ಲ. "ಟಿಕೆಟ್ ನಂಬರ್ ಹೇಳಿ" ಎಂದೆ. ಅವರು ಅಕ್ಷರ ಅಕ್ಷರವಾಗಿ ಓದಿ ಹೇಳಿದರು. ನಾನು ಬೇರೆ ಪುಟ ತೆರೆದು ಆ ನಂಬರ್ ಹಾಕಿ, ನಿಜವಾಗಿ ತೆಗೆದಿದ್ದಾರೋ ಇಲ್ಲವೋ ಎಂದು ಪರೀಕ್ಷೆ ಮಾಡಲು ಕೂತೆ. ನೆಟ್ ನಿಧಾನ, ಚಕ್ರ ತಿರುಗುತ್ತಲೇ ಇತ್ತು. ಕೊನೆಗೆ ಒಂಬತ್ತು ಹೆಸರೂ ಬಂದವು. ಒಂದೊಂದಾಗಿ ಪಟ್ಟಿಗೆ ತಾಳೆ ನೋಡಿದೆ. ಎಲ್ಲ ಸರಿಯಿತ್ತು. ನನ್ನ ಪುಟಕ್ಕೆ ಮರಳಿ ಬಂದರೆ ಸಮಯ ಮುಗಿದಿತ್ತು. ಮತ್ತೆ ತೆರೆದೆ, ದುಪ್ಪಟ್ಟು. ಇನ್ನೊಮ್ಮೆ ತೆರೆದೆ, ದುಪ್ಪಟ್ಟು. ಈಗ ಟವೆಲ್ ಹಾಕಿದವರು ಸಿದ್ದಾಪುರದವರಲ್ಲ. ಯಾವ ಊರಿನ ಯಾವ ಪುಣ್ಯಾತ್ಮನೋ ಆ ಎರಡನ್ನು ಒಯ್ದಿದ್ದ.

"ಏನಾತು ಸರ?" ಎಂದರು ಟೀಚರ್. ಅವರ ಮುಖ ನೋಡಲಾಗಲಿಲ್ಲ.

"ನೆಟ್ ಕೈಕೊಟ್ಟಿತು" ಎಂದೆ. ಊರವರ ಸುಳ್ಳು ಹಿಡಿಯುವುದರಲ್ಲೇ ಆಯುಷ್ಯ ಕಳೆದವನು ನಾನು, ನನ್ನದು ಅಷ್ಟು ಸುಲಭವಾಗಿ ಬಾಯಿಂದ ಬಂತು.

ಫೋನಿನಲ್ಲಿದ್ದ ಹೆಗಡೆಗೆ ಅದು ಕೇಳಿಸಿತ್ತು. ನೆಟ್ಟಿನ ಹಣೆಬರಹವೋ ನನ್ನದೋ ಎಂದು ಅವರಿಗೆ ಗೊತ್ತಾಗದೆ ಇರಲು ಸಾಧ್ಯವಿಲ್ಲ. ಅವರು "ತಡೀರಿ, ನಾನು ನೋಡ್ತೆ" ಎಂದಷ್ಟೇ ಹೇಳಿ ಇಟ್ಟರು. ಐದು ನಿಮಿಷಕ್ಕೆ ಫೋನ್ ಬಂತು. "ಸಿಕ್ಕಿತು, ಅದೇ ದರಕ್ಕೆ. ಹನ್ನೊಂದೂ ಆಯ್ತು. ಟೀಚರಿಗೆ ಹೇಳಿ."

"ಹನ್ನೊಂದೂ ಆಯ್ತು" ಎಂದಷ್ಟೇ ಹೇಳಿದೆ. ಟೀಚರ್ ಎದ್ದು ನಿಂತು ನನಗೆ ಕೈ ಮುಗಿದರು. "ನಿಮ್ಮಿಂದ ಆತು ಸರ. ನೀವು ಇಲ್ಲಂದ್ರ ನಾ ಆ ಇಬ್ಬರ ಮುಂದ ಹೆಂಗ ನಿಲ್ಲತಿದ್ನೋ." ನನ್ನಿಂದಲ್ಲ ಎಂದು ನಾನು ತಿದ್ದಲಿಲ್ಲ. ಒಂದು ಚಾ ತರಿಸಿ ಕೊಟ್ಟೆ.

ಆದರೆ ನನ್ನ ತಲೆಯಲ್ಲಿ ಹುಳ ಹೊಕ್ಕಿತು. ನನ್ನ ಕಂಪ್ಯೂಟರಿನಲ್ಲಿ ದುಪ್ಪಟ್ಟು ತೋರಿಸುತ್ತಿರುವಾಗ ಇವರಿಗೆ ಹೇಗೆ ಅಗ್ಗಕ್ಕೆ ಸಿಕ್ಕಿತು? ಏನೋ ಮುಚ್ಚಿಡುತ್ತಿದ್ದಾರೆ. ಪ್ರಯಾಣದ ಹಿಂದಿನ ದಿನ ಟೀಚರ್ ಎರಡೂ ಟಿಕೆಟ್ಟಿನ ಪ್ರತಿಯನ್ನು ನನ್ನ ಮೊಬೈಲಿಗೆ ಹಾಕಿ, "ಎಲ್ಲಾ ಬರೋಬರಿ ಅದಾವೇನು ನೋಡ್ರಿ, ಚೆಕ್ ಇನ್ ಮಾಡಿಕೊಡ್ರಿ" ಎಂದರು. ಎರಡು ಸೀಟಿನ ಪ್ರತಿಯಲ್ಲಿ ದರದ ಸಾಲು ಇರಲಿಲ್ಲ. ಏಜೆಂಟನಿಗೆ ಬೇಡವಾದರೆ ಆ ಸಾಲನ್ನು ಮರೆಮಾಡಿ ಪ್ರಿಂಟ್ ತೆಗೆಯಲು ಬರುತ್ತದೆ. ಸಿಕ್ಕಿದ ಕಳ್ಳ ಎಂದುಕೊಂಡು, ಸಂಘದಿಂದ ಹೆಗಡೆಯವರ ಬಿಲ್ಲಿನ ಫೋಟೋ ತರಿಸಿಕೊಂಡೆ. ಹನ್ನೊಂದು ಸೀಟು, ಎಲ್ಲಕ್ಕೂ ಅದೇ ಅಗ್ಗದ ದರ. ಆಮೇಲೆ ವಿಮಾನ ಕಂಪನಿಯ ಪುಟದಲ್ಲಿ ಆ ನಂಬರ್ ಹಾಕಿ, ಅವರು ನಿಜವಾಗಿ ಎಷ್ಟು ಕಟ್ಟಿದ್ದಾರೆ ಎಂದು ತೆಗೆದು ನೋಡಿದೆ. ಎರಡೂ ಸೀಟಿಗೆ ದುಪ್ಪಟ್ಟು ದರ ಕಟ್ಟಿದ್ದರು. ಮೇಲಿನ ಹಣ ಅವರ ಕೈಯಿಂದ.

ಎರಡು ವಾರದ ಮೇಲೆ ಆ ಹೆಚ್ಚಿನ ಹಣವನ್ನು ಲಕೋಟೆಯಲ್ಲಿ ಹಾಕಿಕೊಂಡು ಸಿದ್ದಾಪುರದ ಬಸ್ಸು ಹತ್ತಿದೆ. ಹೆಗಡೆ ಕೌಂಟರಿನಲ್ಲಿ ಒಬ್ಬರೇ ಕೂತಿದ್ದರು. ಲಕೋಟೆಯನ್ನು ಮುಂದಿಟ್ಟೆ.

"ಎಂತ ಇದು?"

"ಎರಡು ಸೀಟಿನದ್ದು."

"ಯಾವ ಎರಡು ಸೀಟು? ವಿಮಾನದ್ದೋ, ಬಸ್ಸಿಂದೋ?"

ಅವರು ಲಕೋಟೆಯನ್ನು ನನ್ನ ಕಡೆಗೆ ತಳ್ಳಿದರು.

"ವಿಮಾನದ್ದಾದ್ರೆ ನೀವು ಕೊಡಬೇಕು, ಹೌದು. ಬಸ್ಸಿಂದಾದ್ರೆ ನಾನು ಕೊಡಬೇಕು. ಅವತ್ತು ಚಾರ್ಟು ಖಾಲಿ ಇರ್ಲಿಲ್ಲೆ ಸಾಬ್ರೇ. ನೀವು ಓದಿದ್ದು ನನಗೆ ಸರಿಯಾಗೇ ಕೇಳಿತ್ತು. ನಮ್ಮ ಭಾವನ ಕಡೆಯವರು ಬಂದು ಕೂತ್ಕಂಡಿದ್ರು, ಸೀಟು ಇಲ್ಲೆ ಹೇಳೂಕೆ ಆಗ್ಲಿಲ್ಲೆ, ಹಾಕಿಬಿಟ್ಟೆ. ನಿಮಗೆ ಹೇಳ್ವಾ ಅಂದ್ಕಂಡೆ. ಅಷ್ಟರಲ್ಲಿ ನೀವು ಫೋನ್ ಮಾಡಿ ಕಳ್ಳ ಅಂದ್ರಿ. ಆ ಮಾತು ಕೇಳಿದ ಮೇಲೆ ಹೌದು ಹೇಳೂಕೆ ಬಾಯಿ ಬರ್ಲಿಲ್ಲೆ. ಎರಡಕ್ಕೆ ಎರಡು ಹೋಯ್ತು. ಚಾ ಕುಡೀರಿ."

ನನ್ನ ಗುಮಾನಿ ಸರಿಯಿತ್ತು. ಆ ಒಂದು ಮಾತನ್ನು ಅವರ ಬಾಯಿಂದ ಕೇಳಬೇಕೆಂದು ಇಪ್ಪತ್ತು ವರ್ಷ ಕಾದಿದ್ದೆ. ಕೇಳಿದಾಗ ಖುಷಿಯಾಗಲಿಲ್ಲ, ನಾಚಿಕೆಯಾಯಿತು. ಅವರು ಎರಡು ಸೀಟು ಕದ್ದದ್ದು ಭಾವನ ಮುಲಾಜಿಗೆ. ನಾನು ಎರಡು ಸೀಟು ಕಳೆದದ್ದು, ಒಬ್ಬರು ಆಯ್ತು ಎಂದ ಮೇಲೂ ನಂಬದೆ ಕೂತದ್ದಕ್ಕೆ. ಲಕೋಟೆ ಜೇಬಿಗೆ ಹಾಕಿ ಆ ಚಾ ಕುಡಿದೆ.

ಕೌಂಟರಿಗೆ ಬರುವ ಮಕ್ಕಳೇ, ಜಾಹೀರಾತನ್ನು ನಂಬಬೇಡಿ, ಕೆಂಪಕ್ಷರವನ್ನು ನಂಬಬೇಡಿ, ಮಂಗಳವಾರ ತೆಗೆದರೆ ಅಗ್ಗ ಎನ್ನುವವರನ್ನು ಹತ್ತಿರ ಸೇರಿಸಬೇಡಿ. ಅಷ್ಟೆಲ್ಲ ಗುಮಾನಿ ಬೇಕೇ ಬೇಕು, ಅದಿಲ್ಲದೆ ಈ ಕಸುಬಿಲ್ಲ. ಆದರೆ ಗಿರಾಕಿ ಯಾಕೆ ಹೋಗುತ್ತಾನೆ ಎಂದು ಮೊದಲು ಕೇಳಿ. ಗೊತ್ತಾದ ಮೇಲೆ ಒತ್ತಿಬಿಡಿ. ಪರೀಕ್ಷೆ ಆಮೇಲೆ ಮಾಡಿಕೊಳ್ಳಬಹುದು.

ಹುಡುಗಿಯರು ಗುವಾಹಟಿಯಲ್ಲಿ ಎರಡನೇ ಸುತ್ತಿನಲ್ಲಿ ಸೋತರು. ಆ ಸುತ್ತಿನಲ್ಲಿ ಒಬ್ಬಳ ಅಂಗೈ ಸುಲಿದು, ಅವಳ ಜಾಗದಲ್ಲಿ ರೇಷ್ಮಾ ಹಗ್ಗ ಹಿಡಿದಳಂತೆ. ಇದನ್ನು ನನಗೆ ಹೇಳಿದ್ದು ಅವಳ ತಾಯಿ ಮಮ್ತಾಜ್. ನನ್ನಿಂದಲೇ ಮಗಳಿಗೆ ಸೀಟು ಸಿಕ್ಕಿತೆಂದು ಟೀಚರ್ ಹೇಳಿದ್ದರು. ಹುಬ್ಬಳ್ಳಿಗೆ ಹೋಗುವಾಗೆಲ್ಲ ಆ ಢಾಬಾದಲ್ಲಿ ನನಗೆ ಬಿಸಿ ರೊಟ್ಟಿ ಬರುತ್ತಿತ್ತು, ದುಡ್ಡು ಕೊಡಹೋದರೆ ಮಮ್ತಾಜ್ ಮಾಲೀಕನಿಗೆ ಕಣ್ಣುಸನ್ನೆ ಮಾಡಿ ತಡೆಯುತ್ತಿದ್ದಳು. ನಾಲ್ಕು ಸಲ ತಿಂದೆ. ಐದನೇ ಸಲ ತಿನ್ನಲು ನನ್ನಿಂದಾಗಲಿಲ್ಲ.

ಹೋದ ತಿಂಗಳು ಹೆಗಡೆಯವರಿಗೆ ಹುಬ್ಬಳ್ಳಿಯಲ್ಲಿ ಕಣ್ಣು ತೋರಿಸುವುದಿತ್ತು. ಅವರೂ ಈಗ ಕೌಂಟರ್ ಮುಚ್ಚಿದ್ದಾರೆ. ಇಬ್ಬರೂ ಸೇರಿ ಹೊರಟೆವು. ಕಿರವತ್ತಿಯಲ್ಲಿ ಅವರನ್ನೂ ಇಳಿಸಿಕೊಂಡು ಢಾಬಾಕ್ಕೆ ಹೋಗಿ, ಒಲೆಯ ಮುಂದಿದ್ದ ಮಮ್ತಾಜಳನ್ನು ಕರೆದೆ.

"ಮಮ್ತಾಜ್, ರೊಟ್ಟಿ ಈ ಹೆಗಡೆಯವರಿಗೆ ಕೊಡು. ನಿನ್ನ ಮಗಳ ಸೀಟು ತೆಗೆದವರು ಇವರು, ತಮ್ಮ ಕೈಯಿಂದ ದುಡ್ಡು ಹಾಕಿ. ನಾನು ಕಳೆದಿದ್ದೆ. ನೆಟ್ ಹೋಗಿರಲಿಲ್ಲ, ನಾನು ಸುಳ್ಳು ಹೇಳಿದ್ದು."

ಅವಳು ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಹೆಗಡೆಯವರ ಕಡೆ ತಿರುಗಿದಳು. "ಹೌದೇನ್ರೀ ಹೆಗಡೇರ?"

"ಎಂತದೂ ಇಲ್ಲೆ ತಂಗಿ. ಸಾಬ್ರು ಸುಮ್ನೆ ಹೇಳ್ತ್ರು. ನಾನು ಬರೀ ಚಾ ಕುಡಿಯೂಕೆ ಬಂದವ" ಎಂದರು ಹೆಗಡೆ.

ಮಮ್ತಾಜ್ ಅವರ ಮಾತನ್ನು ನಂಬಿದಳು. ಆಮೇಲೆ ನನ್ನ ಕಡೆ ತಿರುಗಿ, ಈ ಮುದುಕ ಯಾಕೆ ಹೀಗೆ ಹೇಳುತ್ತಿದ್ದಾನೆ, ಇದರಲ್ಲಿ ಇವನಿಗೇನು ಲಾಭ ಎಂದು ಕಣ್ಣು ಕಿರಿದು ಮಾಡಿ ನೋಡಿದಳು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಮೂವತ್ತು ವರ್ಷ ಕೌಂಟರಿನ ಹಿಂದೆ ಕೂತು ನಾನು ಎಲ್ಲರನ್ನೂ ನೋಡಿದ್ದು ಹಾಗೇ.